ಬಂದ ರೀಡಿಂಗನ್ನೇ ಬರಿ, ಮಗು

ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಡಿಗ್ರಿ ಓದುವ ಮಕ್ಕಳದ್ದೇ ಜಾಸ್ತಿ. ಕ್ಯಾನ್ಸರ್ ಆಸ್ಪತ್ರೆಗಳಲ್ಲಿ 20 ವರ್ಷಕ್ಕೂ ಮೀರಿ ಮೆಡಿಕಲ್ ಫಿಸಿಸಿಸ್ಟ್ (ರೇಡಿಯೇಷನ್ ಚಿಕಿತ್ಸೆಯ ಲೆಕ್ಕ, ಅಳತೆ ನೋಡುವವರು) ಆಗಿ ಕೆಲಸ ಮಾಡಿ ಈಗ ಶಿವಮೊಗ್ಗದಲ್ಲಿ ನೆಲೆಸಿದ್ದೇನೆ ಅಂತ ಸಂಪಾದಕರು ಇವನ್ನು ನನಗೇ ಕಳಿಸಿದ್ದಾರೆ. ಮೊದಲ ಪತ್ರಕ್ಕೆ ಉತ್ತರ ಉದ್ದವಾಯಿತು. ಆ ಪತ್ರ ನನ್ನದೇ ಹಳೆಯ ಪತ್ರದ ಹಾಗಿತ್ತು.

ಪ್ರಶ್ನೆ: ನಮಸ್ತೆ ಮೇಡಂ. ನನ್ನದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಶಿವಮೊಗ್ಗದಲ್ಲಿ ಬಿಎಸ್ಸಿ ಮೊದಲ ವರ್ಷ, ಫಿಸಿಕ್ಸ್ ಮತ್ತು ಮ್ಯಾಥ್ಸ್. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಹೋದ ವರ್ಷ ದೊಡ್ಡಮ್ಮನಿಗೆ ಬೆಂಗಳೂರಿನಲ್ಲಿ ರೇಡಿಯೇಷನ್ ಕೊಡಿಸಿದೆವು. ಅಲ್ಲಿ ಕಂಪ್ಯೂಟರ್ ಮುಂದೆ ಕೂತು ಲೆಕ್ಕ ಹಾಕುತ್ತಿದ್ದ ಒಬ್ಬರು ಡಾಕ್ಟರಲ್ಲ, ಫಿಸಿಕ್ಸ್ ಓದಿದವರು ಅಂತ ಗೊತ್ತಾಯಿತು. ನನಗೂ ಅದೇ ಆಗಬೇಕು. ಆದರೆ ನಮ್ಮ ಕಾಲೇಜಿನಲ್ಲಿ ಮೆಡಿಕಲ್ ಫಿಸಿಕ್ಸ್ ಅನ್ನುವ ವಿಷಯವೇ ಇಲ್ಲ. ಬೇರೆ ಕಡೆ ಡಿಗ್ರಿಯಿಂದಲೇ ಇರುತ್ತದಂತೆ. ನಾನು ಹಿಂದೆ ಬಿದ್ದೆನಾ? ಈ ಮೂರು ವರ್ಷ ಏನು ಮಾಡಲಿ?
ಒಬ್ಬ ವಿದ್ಯಾರ್ಥಿನಿ, ತೀರ್ಥಹಳ್ಳಿ ತಾಲೂಕು

ಉತ್ತರ: ಇಲ್ಲ ಮಗು, ನೀನು ಹಿಂದೆ ಬಿದ್ದಿಲ್ಲ. ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಬೇಕಾದ ಬುನಾದಿ ಫಿಸಿಕ್ಸ್ ಮುಖ್ಯ ವಿಷಯವಾಗಿರುವ ಬಿಎಸ್ಸಿ. ಅದರ ಮೇಲೆ ಎರಡು ದಾರಿ. ಒಂದು, ನೇರ ಮೆಡಿಕಲ್ ಫಿಸಿಕ್ಸಿನಲ್ಲೋ ರೇಡಿಯೇಷನ್ ಫಿಸಿಕ್ಸಿನಲ್ಲೋ ಎಂಎಸ್ಸಿ. ಬೆಂಗಳೂರಿನ ಕಿದ್ವಾಯಿ, ಮಣಿಪಾಲ, ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯ, ಇಲ್ಲೆಲ್ಲ ಇದೆ. ಇನ್ನೊಂದು, ಸಾದಾ ಫಿಸಿಕ್ಸ್ ಎಂಎಸ್ಸಿ ಮುಗಿಸಿ ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ರೇಡಿಯಲಾಜಿಕಲ್ ಫಿಸಿಕ್ಸ್ ಡಿಪ್ಲೊಮಾ. ಈ ಡಿಪ್ಲೊಮಾ 1962ರಿಂದ ನಡೆಯುತ್ತಿದೆ. ನಾನು ಬಂದದ್ದು ಇದೇ ದಾರಿಯಲ್ಲಿ. ನಿನಗಾದರೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲೇ ಫಿಸಿಕ್ಸ್ ಎಂಎಸ್ಸಿ ಇದೆ. ಯಾವ ದಾರಿಯಲ್ಲಿ ಬಂದರೂ ಕೊನೆಗೆ ಒಂದು ರೇಡಿಯೋಥೆರಪಿ ವಿಭಾಗದಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಮಾಡಲೇಬೇಕು. ಇದು ಅಣುಶಕ್ತಿ ನಿಯಂತ್ರಣ ಮಂಡಳಿಯ ನಿಯಮ. ದಾರಿಯ ಮಾತು ಇಷ್ಟೇ. ಅರ್ಜಿ ಹಾಕುವ ವರ್ಷ ಮಂಡಳಿಯ ವೆಬ್‌ಸೈಟ್ ಮತ್ತೊಮ್ಮೆ ನೋಡಿಕೋ.

ಈಗ ನಿಜವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. ನಿಮ್ಮ ಲ್ಯಾಬಿನಲ್ಲಿ ಬಾರ್ ಪೆಂಡ್ಯುಲಂ ಪ್ರಯೋಗ ಆಯಿತಾ? ಗೋಡೆಗೆ ತೂಗುಹಾಕಿದ ಕಬ್ಬಿಣದ ಪಟ್ಟಿ, ಅದರಲ್ಲಿ ಸಾಲಾಗಿ ತೂತು. ಒಂದೊಂದು ತೂತಿಗೆ ಸಿಕ್ಕಿಸಿ 20 ತೂಗಾಟಕ್ಕೆ ಎಷ್ಟು ಸೆಕೆಂಡ್ ಅಂತ ಬರೆಯುವುದು. ಕೊನೆಗೆ ಗುರುತ್ವದ ಬೆಲೆ ಬರಬೇಕು. ನಾನು ಮಾಡಿದಾಗ 9.77 ಬಂತು. ಪಕ್ಕದವಳು ಸೀನಿಯರ್ ಒಬ್ಬರ ರೆಕಾರ್ಡ್ ತಂದಿದ್ದಳು. ಅದರಲ್ಲಿ 9.81 ಅಂತಿತ್ತು. ನಾವಿಬ್ಬರೂ ಕೂತು ಸೆಕೆಂಡಿನ ಅಂಕಿಗಳನ್ನು ಒಂದೊಂದಾಗಿ ಅಳಿಸಿ, ಹಿಂದಿನಿಂದ ಲೆಕ್ಕ ಮಾಡಿ, 9.81 ಬರುವ ಹಾಗೆ ಹೊಂದಿಸಿದೆವು. ಪೂರ್ತಿ ಮಾರ್ಕ್ಸ್ ಸಿಕ್ಕಿತು.

ಎಂಎಸ್ಸಿಗೆ ಹೋದ ಮೇಲೆ ಒಂದು ದಿನ ಸುಮ್ನೆ ಲೆಕ್ಕ ಹಾಕಿ ನೋಡಿದೆ. ಗುರುತ್ವದ ಬೆಲೆ ಎಲ್ಲ ಕಡೆ ಒಂದೇ ಅಲ್ಲ. ಧ್ರುವದ ಕಡೆ ಜಾಸ್ತಿ, ಸಮಭಾಜಕದ ಕಡೆ ಕಡಿಮೆ. 9.81 ಅನ್ನುವುದು ಲಂಡನ್ ಕಡೆಯ ಬೆಲೆ. 14 ಡಿಗ್ರಿ ಅಕ್ಷಾಂಶದ ನಮ್ಮ ಶಿವಮೊಗ್ಗದಲ್ಲಿ ಅದು 9.78! ನನ್ನ ಪೆಂಡ್ಯುಲಂ ಸರಿಯಾಗೇ ಹೇಳಿತ್ತು. ಸರಿ ಉತ್ತರವನ್ನು ಅಳಿಸಿ ತಪ್ಪನ್ನು ಬರೆದವಳು ನಾನು. ಆ ದಿನದ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ.

ನಮ್ಮದು ಹೊಸನಗರ ಕಡೆಯ ಅಡಿಕೆ ತೋಟದ ಮನೆ. ಅಪ್ಪಯ್ಯ ಅಂಗಳದಲ್ಲಿ ಮಳೆ ಅಳೆಯುವ ಡಬ್ಬಿ ಇಟ್ಟಿದ್ದರು. ದಿನಾ ಬೆಳಗ್ಗೆ ಎಂಟೂವರೆಗೆ ಕಂಬಳಿಕೊಪ್ಪೆ ಹಾಕಿಕೊಂಡು ಹೋಗಿ, ನೀರನ್ನು ಗೆರೆ ಹಾಕಿದ ಗಾಜಿನ ಲೋಟಕ್ಕೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೋಡಿ, ಡೈರಿಯಲ್ಲಿ ಬರೆಯುತ್ತಿದ್ದರು. ಮಲೆನಾಡಿನಲ್ಲಿ ಇಂಥ ಡೈರಿ ಇಟ್ಟ ಮನೆ ಎಷ್ಟೋ ಇವೆ, ನಿಮ್ಮನೆಯಲ್ಲೂ ಇರಬಹುದು. ಒಂದು ಸಲ ಅವರು ಎರಡು ದಿನ ನೆಂಟರ ಮನೆಗೆ ಹೋಗಿದ್ದರು. ಬಂದು ನೋಡಿದರೆ ಡಬ್ಬಿ ತುಂಬಿ ಹೊರಗೆ ಚೆಲ್ಲಿತ್ತು. ಪಕ್ಕದ ತೋಟದವರ ಅಂಕಿ ಕೇಳಿ ಬರೆಯಬಹುದಿತ್ತು. ಅಪ್ಪಯ್ಯ ಬರೆದದ್ದು "ಎರಡು ದಿನ ಊರಲ್ಲಿರಲಿಲ್ಲ, ಡಬ್ಬಿ ತುಂಬಿತ್ತು" ಅಂತ. ಅಷ್ಟೇ. ಆ ಸಾಲು ನನಗೆ ಅರ್ಥವಾಗಲಿಕ್ಕೆ ಆಸ್ಪತ್ರೆಗೇ ಹೋಗಬೇಕಾಯಿತು.

ಆಸ್ಪತ್ರೆಯಲ್ಲಿ ನಮ್ಮ ಕೆಲಸ ಏನು ಗೊತ್ತಾ? ಬಾಯಿಯ ಕ್ಯಾನ್ಸರಿಗೆ 33 ದಿನಗಳಲ್ಲಿ 66 ಗ್ರೇ, ದಿನಕ್ಕೆ 2 ಗ್ರೇ ಅಂತ ಡಾಕ್ಟರ್ ಬರೆಯುತ್ತಾರೆ. ಹಿಂದೆಯೇ ಇರುವ ಬೆನ್ನುಹುರಿಗೆ 45ರ ಸುತ್ತಮುತ್ತ ನಿಲ್ಲಬೇಕು. ಗಡ್ಡೆಗೆ ಅಷ್ಟು, ಬೆನ್ನುಹುರಿಗೆ ಇಷ್ಟು ಅನ್ನುವುದನ್ನು ಆಗಿಸುವ ಲೆಕ್ಕ ನಮ್ಮದು. ಮೆಷಿನ್ ನಿಜಕ್ಕೂ ಅಷ್ಟೇ ಕೊಡುತ್ತಿದೆಯಾ ಅಂತ ಅಳೆಯುವುದೂ ನಮ್ಮದು. ಒಂದು ಗ್ರೇ ಅಂದರೆ ಒಂದು ಕಿಲೋಗೆ ಒಂದು ಜೂಲ್ ಶಕ್ತಿ. 2 ಗ್ರೇ ಬಿದ್ದ ನೀರು ಒಂದು ಡಿಗ್ರಿಯ ಸಾವಿರದಲ್ಲೊಂದು ಭಾಗದಷ್ಟೂ ಬಿಸಿಯಾಗುವುದಿಲ್ಲ. ರೋಗಿಗೆ ಏನೂ ಗೊತ್ತಾಗುವುದಿಲ್ಲ. ಕಣ್ಣಿಗೆ ಕಾಣದು, ಮೈಗೆ ಮುಟ್ಟದು. ನಾವು ಪುಸ್ತಕದಲ್ಲಿ ಬರೆದ ಅಂಕಿ ಮಾತ್ರ ಇರುತ್ತದೆ.

ಇಂಟರ್ನ್‌ಶಿಪ್ ಮಾಡಿದ ಬೆಂಗಳೂರಿನ ಆಸ್ಪತ್ರೆಯಲ್ಲಿ ನನ್ನ ಕೆಲಸ ಬೆಳಗಿನ ಹೊತ್ತು ಮೆಷಿನ್ನಿನ ಔಟ್‌ಪುಟ್ ಅಳೆಯುವುದು. ನೀರಿನ ತೊಟ್ಟಿಯೊಳಗೆ ಬೆರಳಿನಷ್ಟು ದಪ್ಪದ ಒಂದು ಚೇಂಬರ್ ಇಳಿಸುತ್ತೇವೆ. ಅದರ ಹೊಟ್ಟೆಯಲ್ಲಿ ಇರುವುದು 0.6 ಸಿಸಿ ಗಾಳಿ. ರೇಡಿಯೇಷನ್ ಬಿದ್ದಾಗ ಆ ಗಾಳಿಯಲ್ಲಿ ಹುಟ್ಟುವ ವಿದ್ಯುತ್ ಕಣಗಳನ್ನು ಅಳೆಯುವುದು. ಚೇಂಬರಿಗೆ ಹೊರಗಿನ ಗಾಳಿ ಹೋಗಿ ಬರುತ್ತಿರುತ್ತದೆ. ಹಾಗಾಗಿ ಗಾಳಿ ತೆಳುವಾದರೆ ರೀಡಿಂಗ್ ಕಡಿಮೆ ಬರುತ್ತದೆ. ಅದಕ್ಕೇ ಪ್ರತಿ ಸಲ ಉಷ್ಣತೆ ಮತ್ತು ಗಾಳಿಯ ಒತ್ತಡ ಬರೆದು ತಿದ್ದುಪಡಿ ಮಾಡಬೇಕು. ಬ್ಯಾರೋಮೀಟರ್ ಇದ್ದದ್ದು ಕಾರಿಡಾರಿನ ಆಚೆ ಕೋಣೆಯಲ್ಲಿ. ಒಂದು ವಾರ ನಾನು ಹೋಗಲೇ ಇಲ್ಲ. ಸೋಮವಾರದ ಅಂಕಿಯನ್ನೇ ಶುಕ್ರವಾರದ ತನಕ ಬರೆದೆ. ನನ್ನ ಸೀನಿಯರ್ ಪುಸ್ತಕ ತಿರುವಿ ಕೇಳಿದ್ದು ಒಂದೇ ಮಾತು: "ಹೋಗಿ ನೋಡಿದ್ಯಾ?"

ಅವರು ಬೈಯಲಿಲ್ಲ. ಹಾಳೆ ತೆಗೆದು ಲೆಕ್ಕ ಬರೆದು ತೋರಿಸಿದರು. ಚೇಂಬರಿನ ಅಳತೆಗೋಲು 101.3 ಕಿಲೋಪಾಸ್ಕಲ್ ಒತ್ತಡಕ್ಕೆ, ಅಂದರೆ ಸಮುದ್ರಮಟ್ಟಕ್ಕೆ. ಬೆಂಗಳೂರು 900 ಮೀಟರ್ ಮೇಲಿದೆ. ಅಲ್ಲಿನ ಒತ್ತಡ 91ರ ಆಸುಪಾಸು. ತಿದ್ದುಪಡಿ ಮಾಡುವುದನ್ನೇ ಯಾರಾದರೂ ಮರೆತರೆ ರೀಡಿಂಗ್ ನೂರಕ್ಕೆ ಸುಮಾರು ಹತ್ತರಷ್ಟು ಕಡಿಮೆ ಬರುತ್ತದೆ. ಮೆಷಿನ್ ಸೊರಗಿದೆ ಅಂದುಕೊಂಡು ಏರಿಸುತ್ತಾರೆ. ಆಮೇಲೆ ಬರುವ ಒಬ್ಬೊಬ್ಬ ರೋಗಿಗೂ ಅಷ್ಟು ಹೆಚ್ಚು ಬೀಳುತ್ತದೆ. ದಿನದಿನದ ಔಟ್‌ಪುಟ್ಟಿನಲ್ಲಿ ನಾವು ಒಪ್ಪುವ ವ್ಯತ್ಯಾಸ ನೂರಕ್ಕೆ 3 ಮಾತ್ರ. ನನ್ನ ಸೋಮವಾರದ ಅಂಕಿಯಿಂದ ಯಾರಿಗೂ ಕೆಡುಕಾಗಲಿಲ್ಲ. ಐದು ದಿನಗಳಲ್ಲಿ ಒತ್ತಡ ಹೆಚ್ಚೇನೂ ಬದಲಾಗಿರಲಿಲ್ಲ. ಆದರೆ ಅದು ನನಗೆ ಗೊತ್ತಿದ್ದು ಬರೆದದ್ದಲ್ಲ. ನೋಡದೆ ಬರೆದದ್ದು. ಪೆಂಡ್ಯುಲಂ ದಿನ ಕೈಗೆ ಹತ್ತಿದ ಚಾಳಿ ಅಲ್ಲಿವರೆಗೂ ಬಂದಿತ್ತು. ಅವತ್ತು ಅಪ್ಪಯ್ಯನ ಡೈರಿ ನೆನಪಾಗಿ ಅತ್ತೆ.

ಹಾಗಾಗಿ ನೀನು ಮೂರು ವರ್ಷ ಲ್ಯಾಬನ್ನು ಬಿಗಿಯಾಗಿ ಹಿಡಿ. ಥಿಯರಿ ಎಲ್ಲರೂ ಓದುತ್ತಾರೆ. ನಿನ್ನ ಕೈಗೆ ಬಂದ ರೀಡಿಂಗನ್ನು ಪೆನ್ನಿನಲ್ಲಿ ಬರಿ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರಿ, ಅಳಿಸಬೇಡ. ಉತ್ತರ ಬೇರೆ ಬಂದರೆ ಲೆಕ್ಚರರ್ ಹತ್ತಿರ ಹೋಗಿ "ಸರ್, ಇದು ಯಾಕೆ ಹೀಗೆ ಬಂತು?" ಅಂತ ಕೇಳು. ಒಳ್ಳೆ ಮೇಷ್ಟ್ರಿಗೆ ಇಂಥ ಪ್ರಶ್ನೆ ಹಬ್ಬ. ಮಳೆಗಾಲದಲ್ಲಿ ನಮ್ಮ ಲ್ಯಾಬುಗಳ ಸ್ಪೆಕ್ಟ್ರೋಮೀಟರ್ ಲೆನ್ಸಿಗೆ ಬೂಸ್ಟು ಬರುತ್ತದೆ, ಮೀಟರಿನ ಮುಳ್ಳು ಅಂಟಿಕೊಳ್ಳುತ್ತದೆ. ಬೇಜಾರು ಮಾಡಿಕೊಳ್ಳಬೇಡ, ಒರೆಸುವುದನ್ನೂ ಕಲಿ. ಆಸ್ಪತ್ರೆಯಲ್ಲೂ ಕೇಬಲ್ಲಿನ ತುದಿಯಲ್ಲಿ ತೇವ ಕೂತರೆ ಲೀಕೇಜ್ ಬಂದು ರೀಡಿಂಗ್ ಕೆಡುತ್ತದೆ. ಮಲೆನಾಡಿನ ಲ್ಯಾಬಿನಲ್ಲಿ ಕಲಿತವರು ಅದನ್ನು ಬೇಗ ಹಿಡಿಯುತ್ತಾರೆ, ಇದು ನಾನು ಕಂಡದ್ದು.

ನಿನಗೆ ಒಂದು ಪ್ರಯೋಗ ಕೊಡುತ್ತೇನೆ. ಕೆಲವು ಮೊಬೈಲುಗಳಲ್ಲಿ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ. ನಿನ್ನದರಲ್ಲಿ ಇಲ್ಲದಿದ್ದರೆ ಯಾರದ್ದಾದರೂ ಕೇಳಿ ತಗೋ. ಫೈಫಾಕ್ಸ್ ಅನ್ನುವ ಆ್ಯಪ್ ಪುಕ್ಕಟೆ ಸಿಗುತ್ತದೆ, ಅದರಲ್ಲಿ ರೀಡಿಂಗ್ ನೋಡಬಹುದು. ರಜೆಯಲ್ಲಿ ಆಗುಂಬೆಯಿಂದ ಬಸ್ ಹತ್ತಿ ಘಾಟಿ ಇಳಿದು ಸೋಮೇಶ್ವರದ ತನಕ ಹೋಗು. ಒಂದೊಂದು ತಿರುವಿಗೂ ರೀಡಿಂಗ್ ಬರೆದುಕೋ. ಪ್ರತಿ 100 ಮೀಟರ್ ಇಳಿದಾಗ ಸುಮಾರು 11 ಹೆಕ್ಟೋಪಾಸ್ಕಲ್ (10 ಹೆಕ್ಟೋಪಾಸ್ಕಲ್ ಅಂದರೆ 1 ಕಿಲೋಪಾಸ್ಕಲ್) ಏರುವುದು ಕಾಣಬೇಕು. ಬಂದು ಗ್ರಾಫ್ ಹಾಕು. ಆಮೇಲೆ ಅದೇ ದಿನ ಹವಾಮಾನದ ಆ್ಯಪ್ ಏನು ಹೇಳುತ್ತದೆ ನೋಡು. ಆಗುಂಬೆಗೂ 1010ರ ಹತ್ತಿರ ತೋರಿಸುತ್ತದೆ. ಯಾಕೆಂದರೆ ಹವಾಮಾನದವರು ಎಲ್ಲ ಊರಿನ ಒತ್ತಡವನ್ನೂ ಸಮುದ್ರಮಟ್ಟಕ್ಕೆ ಇಳಿಸಿ ಹೇಳುತ್ತಾರೆ. ಅವರ ಕೆಲಸಕ್ಕೆ ಅದು ಸರಿ. ಅದನ್ನೇ ನಂಬಿ ಚೇಂಬರಿಗೆ ತಿದ್ದುಪಡಿ ಮಾಡಿದರೆ ಆಗ ಹೇಳಿದ ಅನಾಹುತವೇ. ಈ ಒಂದು ಗ್ರಾಫ್ ನಿನ್ನ ಕೈಯಲ್ಲಿದ್ದರೆ ಎಂಎಸ್ಸಿ ಇಂಟರ್‌ವ್ಯೂನಲ್ಲಿ ಅರ್ಧ ಗಂಟೆ ಮಾತಾಡಬಹುದು.

ಇನ್ನು ಪಾಠದ ವಿಷಯ. ಮ್ಯಾಥ್ಸ್ ಬಿಡಬೇಡ. ಡಿಫರೆನ್ಷಿಯಲ್ ಈಕ್ವೇಷನ್ ಮತ್ತು ಸಂಖ್ಯಾಶಾಸ್ತ್ರ ನಿನಗೆ ದಿನದಿನದ ಅನ್ನ ಆಗುತ್ತದೆ. ಜಿ.ಎಂ. ಕೌಂಟರ್ (ರೇಡಿಯೇಷನ್ ಎಣಿಸುವ ಸಾಧನ) ಸಿಕ್ಕಿದರೆ 100 ಎಣಿಕೆಗೆ ನಿಲ್ಲಿಸಬೇಡ, 10,000ದ ತನಕ ಕಾಯಿ. 100ಕ್ಕೆ 10ರ ಅನುಮಾನ ಇರುತ್ತದೆ, ನೂರಕ್ಕೆ ಹತ್ತು. 10,000ಕ್ಕೆ 100ರ ಅನುಮಾನ, ನೂರಕ್ಕೆ ಒಂದೇ. ಕಾಯುವುದು ಯಾಕೆ ಅಂತ ಅಲ್ಲಿ ತಿಳಿಯುತ್ತದೆ. ಪೈಥಾನ್ ಕಲಿ. ಆಸ್ಪತ್ರೆಯ ಸ್ಕ್ಯಾನ್ ಚಿತ್ರಗಳು ಡೈಕಾಂ ಅನ್ನುವ ರೂಪದಲ್ಲಿರುತ್ತವೆ, ಅವನ್ನು ಪೈಥಾನಿನಲ್ಲಿ ತೆರೆದು ನೋಡಬಹುದು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ತನ್ನ ವೆಬ್‌ಸೈಟಿನಲ್ಲಿ ರೇಡಿಯೋಥೆರಪಿ ಫಿಸಿಕ್ಸಿನ ಪಠ್ಯವನ್ನು ಪುಕ್ಕಟೆ ಇಟ್ಟಿದೆ. ಎರಡನೇ ವರ್ಷದ ಕೊನೆಗೆ ಅದರ ಮೊದಲ ಅಧ್ಯಾಯ ನಿನಗೆ ಅರ್ಥವಾಗಬೇಕು.

ಫಿಸಿಕ್ಸಿನವರು ಎಡವುವುದು ಶರೀರರಚನೆಯಲ್ಲಿ. ನಾನೂ ಎಡವಿದ್ದೆ. ಪಿಯುಸಿಯ ಬಯಾಲಜಿ ಪುಸ್ತಕ ಎಸೆಯದೆ ಇಟ್ಟುಕೋ. ಸಿಟಿ ಸ್ಕ್ಯಾನ್ ಅಂದರೆ ಬಾಳೆದಿಂಡನ್ನು ಬಿಲ್ಲೆ ಬಿಲ್ಲೆ ಹೆಚ್ಚಿದ ಹಾಗೆ, ಮನುಷ್ಯನನ್ನು ಕಾಲಿನ ಕಡೆಯಿಂದ ನೋಡಿದ ಬಿಲ್ಲೆ. ಹಾಗಾಗಿ ರೋಗಿಯ ಬಲಗಡೆ ನಿನ್ನ ಎಡಕ್ಕೆ ಬರುತ್ತದೆ. ಒಂದೊಂದು ಬಿಲ್ಲೆಯಲ್ಲಿ ಅನ್ನನಾಳ ಯಾವುದು, ಬೆನ್ನುಹುರಿ ಯಾವುದು ಅಂತ ಗುರುತಿಸುವುದನ್ನು ದಿನಾ ಸ್ವಲ್ಪ ಅಭ್ಯಾಸ ಮಾಡು. ಮಂಡಗದ್ದೆಯಿಂದ ಗಾಜನೂರಿನ ತನಕ ಬಸ್ಸಿನಲ್ಲಿ ಸಿಗುವ ಹೊತ್ತು ಇದಕ್ಕೆ ಸಾಕು. ಸಕ್ರೆಬೈಲಿನಲ್ಲಿ ಆನೆ ಕಂಡರೆ ತಲೆ ಎತ್ತಿ ನೋಡು, ಅದೂ ಬೇಕು.

ಎರಡನೇ ವರ್ಷದಲ್ಲಿ ಒಂದು ರೇಡಿಯೋಥೆರಪಿ ವಿಭಾಗವನ್ನು ಕಣ್ಣಾರೆ ನೋಡು. ಶಿವಮೊಗ್ಗ, ಮಣಿಪಾಲ, ಮಂಗಳೂರು, ಎಲ್ಲಿ ಆಗುತ್ತದೋ ಅಲ್ಲಿ. ಕಾಲೇಜಿನ ಹೆಚ್‌ಓಡಿ ಸಹಿಯಿರುವ ಪತ್ರ ತಗೊಂಡು ನಾಲ್ಕೈದು ಜನ ಒಟ್ಟಿಗೆ ಹೋಗಿ. ಬೆಳಗ್ಗೆ ರೋಗಿಗಳು ಬರುವ ಮೊದಲಿನ ಹೊತ್ತು ಕೇಳಿ. ಮೆಷಿನ್ ಪರೀಕ್ಷೆ ನಡೆಯುವುದು ಆಗಲೇ. ಅಪ್ಪಯ್ಯ ಅಡಿಕೆಯ ಕೊಳೆರೋಗಕ್ಕೆ ಔಷಧಿ ಮಾಡುತ್ತಿದ್ದದ್ದು ನನಗೆ ಅಲ್ಲಿ ದಿನಾ ನೆನಪಾಗುತ್ತಿತ್ತು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಎಷ್ಟು ವರ್ಷ ಮಾಡಿದ ಕೈಯಾದರೂ ಕೊನೆಗಾರ ಮರ ಹತ್ತುವ ಮೊದಲು ಉಜ್ಜಿದ ಕತ್ತಿಯನ್ನು ಔಷಧಿಗೆ ಅದ್ದಿ ನೋಡುತ್ತಿದ್ದರು. ಅಲಗು ಕೆಂಪಾದರೆ ತಾಮ್ರ ಹೆಚ್ಚಾಗಿದೆ, ಸುಣ್ಣ ಸಾಲದು ಅಂತ. ಕೆಂಪು ಹೋಗುವ ತನಕ ಒಂದು ಮರಕ್ಕೂ ಹೊಡೆಯಲು ಬಿಡುತ್ತಿರಲಿಲ್ಲ.

ಬೇಸಿಗೆಗೆ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಸಂಶೋಧನಾ ಫೆಲೋಶಿಪ್ ಇದೆ, ಅರ್ಜಿ ಹಾಕು. ಸಿಗದಿದ್ದರೆ ಬೇಸರ ಬೇಡ, ಆಗುಂಬೆ ಗ್ರಾಫ್ ಇದೆಯಲ್ಲ. ದೊಡ್ಡಮ್ಮ ಹೇಗಿದ್ದಾರೆ? ನೀನು ಬರೆಯಲಿಲ್ಲ. ಮುಂದಿನ ಪತ್ರದಲ್ಲಿ ಬರಿ.

ಪ್ರಶ್ನೆ: ನಾನು ಭದ್ರಾವತಿಯವನು. ಬಿಎಸ್ಸಿಯಲ್ಲಿ ಕೆಮಿಸ್ಟ್ರಿ, ಬಾಟನಿ, ಜುವಾಲಜಿ ಓದುತ್ತಿದ್ದೇನೆ. ಮೆಡಿಕಲ್ ಫಿಸಿಸಿಸ್ಟ್ ಆಗಬಹುದಾ?

ಉತ್ತರ: ಆಗುವುದಿಲ್ಲಪ್ಪ. ಫಿಸಿಕ್ಸ್ ಮುಖ್ಯ ವಿಷಯ ಆಗಿರಲೇಬೇಕು. ಯಾರಾದರೂ ದುಡ್ಡು ತಗೊಂಡು ಸೀಟು ಕೊಡಿಸುತ್ತೇವೆ ಅಂದರೆ ನಂಬಬೇಡ. ಆಸ್ಪತ್ರೆ ಕೆಲಸವೇ ಇಷ್ಟ ಅಂದರೆ ಲ್ಯಾಬ್, ಬಯೋಕೆಮಿಸ್ಟ್ರಿ, ಜೆನೆಟಿಕ್ಸ್ ಕಡೆ ನಿನ್ನ ಓದಿಗೆ ಸರಿಹೋಗುವ ದಾರಿಗಳಿವೆ.

ಪ್ರಶ್ನೆ: ಮಗಳು ಈ ಕೋರ್ಸ್ ಮಾಡುತ್ತೇನೆ ಅನ್ನುತ್ತಾಳೆ. ರೇಡಿಯೇಷನ್ ಅಂದರೆ ನಮಗೆ ಭಯ. ನಾಳೆ ಮದುವೆ, ಮಕ್ಕಳು ಅಂದಾಗ ತೊಂದರೆ ಆಗುವುದಿಲ್ಲವೇ?
ಒಬ್ಬ ತಂದೆ, ಸಾಗರ

ಉತ್ತರ: ನಿಮ್ಮ ಭಯ ಸಹಜ ಸರ್. ನಮ್ಮ ಅಮ್ಮನೂ ಇದನ್ನೇ ಕೇಳಿದ್ದರು. ಮೆಷಿನ್ ಇರುವ ಕೋಣೆಯ ಗೋಡೆ, ಕಿರಣ ನೇರ ಬೀಳುವ ಕಡೆ, ಎರಡು ಮೀಟರಿನಷ್ಟು ದಪ್ಪದ ಕಾಂಕ್ರೀಟ್. ಚಿಕಿತ್ಸೆ ನಡೆಯುವಾಗ ಒಳಗೆ ರೋಗಿ ಬಿಟ್ಟು ಯಾರೂ ಇರುವುದಿಲ್ಲ. ಬಾಗಿಲು ತೆರೆದರೆ ಮೆಷಿನ್ ತಾನೇ ನಿಲ್ಲುತ್ತದೆ. ನಮ್ಮೆಲ್ಲರ ಎದೆಯ ಮೇಲೆ ಒಂದು ಬ್ಯಾಡ್ಜ್ ಇರುತ್ತದೆ. ಮೂರು ತಿಂಗಳಿಗೊಮ್ಮೆ ಅದನ್ನು ಕಳಿಸಿ ಎಷ್ಟು ತಗಲಿದೆ ಅಂತ ನೋಡುತ್ತಾರೆ. ಕೆಲಸಗಾರರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಗಲಿದ ರೇಡಿಯೇಷನ್ನಿನ ಅಳತೆ) ಮಿತಿ. ಯಾವ ಒಂದು ವರ್ಷದಲ್ಲೂ 30 ದಾಟಬಾರದು. ಮಣ್ಣು, ಕಲ್ಲು, ಗಾಳಿ, ಆಕಾಶದಿಂದ ಮನುಷ್ಯರಿಗೆ ಸುಮ್ನೆ ಬದುಕಿದ್ದಕ್ಕೇ ವರ್ಷಕ್ಕೆ ಸರಾಸರಿ 2.4 ಬೀಳುತ್ತದೆ. ನನ್ನ ಬ್ಯಾಡ್ಜಿನ ಲೆಕ್ಕ ಅಷ್ಟೂ ವರ್ಷಗಳಲ್ಲಿ ಹೆಚ್ಚಿನ ಸಲ ಸೊನ್ನೆಯ ಹತ್ತಿರವೇ ಬಂದಿದೆ.

ನನಗೆ ಇಬ್ಬರು ಮಕ್ಕಳು. ಗರ್ಭಿಣಿ ಅಂತ ಗೊತ್ತಾದ ದಿನವೇ ಬರೆದು ಕೊಟ್ಟೆ. ಅಲ್ಲಿಂದ ಮುಂದೆ ಹೊಟ್ಟೆಯಲ್ಲಿರುವ ಮಗುವಿಗೆ 1 ಮಿಲಿಸೀವರ್ಟ್ ದಾಟಬಾರದು ಅನ್ನುವುದು ನಿಯಮ. ನನಗೆ ಅಷ್ಟು ದಿನ ಕಂಪ್ಯೂಟರಿನಲ್ಲಿ ಪ್ಲಾನಿಂಗ್ ಕೆಲಸ ಕೊಟ್ಟರು. ಮಗಳು ಮುಂದೆ ಕೆಲಸಕ್ಕೆ ಸೇರಿದಾಗ ಒಂದು ಮಾತು ಮಾತ್ರ ಹೇಳಿ: ಬ್ಯಾಡ್ಜನ್ನು ಡ್ರಾಯರಿನಲ್ಲಿ ಬಿಟ್ಟು ಒಳಗೆ ಹೋಗಬಾರದು.

ಪ್ರಶ್ನೆ: ನಾನು ಎಸ್ಸೆಸ್ಸೆಲ್ಸಿ ತನಕ ಕನ್ನಡ ಮಾಧ್ಯಮ. ಈಗ ಬಿಎಸ್ಸಿ ಫಿಸಿಕ್ಸ್ ಕ್ಲಾಸಿನಲ್ಲಿ ಅರ್ಧ ತಲೆಗೆ ಹೋಗುತ್ತಿಲ್ಲ. ಇಂಥ ದೊಡ್ಡ ಕೆಲಸದ ಆಸೆ ನನ್ನಂಥವನು ಇಟ್ಟುಕೊಳ್ಳಬಹುದಾ?
ಒಬ್ಬ ವಿದ್ಯಾರ್ಥಿ, ಸೊರಬ ತಾಲೂಕು

ಉತ್ತರ: ಇಟ್ಟುಕೋ. ನಾನೂ ಕನ್ನಡ ಶಾಲೆಯವಳೇ. ಒಂದು ಘಟನೆ ಹೇಳುತ್ತೇನೆ. ತಲೆ, ಕುತ್ತಿಗೆಗೆ ರೇಡಿಯೇಷನ್ ಕೊಡುವಾಗ ರೋಗಿ ಅಲುಗಾಡಬಾರದು ಅಂತ ಮುಖಕ್ಕೆ ಒಂದು ಜಾಲರಿ ಮಾಸ್ಕ್ ಮಾಡುತ್ತೇವೆ. ಬಿಸಿನೀರಿನಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಹಾಳೆಯನ್ನು ಮುಖದ ಮೇಲೆ ಎಳೆದು ಮಂಚಕ್ಕೆ ಸಿಕ್ಕಿಸುವುದು. ಆರಿದ ಮೇಲೆ ಗಟ್ಟಿಯಾಗುತ್ತದೆ. ನಮ್ಮ ಕಡೆಯ ಒಬ್ಬ ಅಜ್ಜಿ ಬಂದಿದ್ದರು. ಜೀವಮಾನವಿಡೀ ಹೊಗೆಸೊಪ್ಪು ಹಾಕಿ ಎಲೆ ಅಡಿಕೆ ತಿಂದ ಬಾಯಿ. ಅಡಿಕೆಯನ್ನೂ 2004ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಅಡಿಕೆ ದುಡ್ಡಿನಲ್ಲೇ ಓದಿದ ನನಗೆ ಇದನ್ನು ಬರೆಯುವುದು ಕಷ್ಟ, ಆದರೂ ಬರೆಯಬೇಕು.

ಮಾಸ್ಕ್ ಹಾಳೆ ಕಂಡದ್ದೇ ಅಜ್ಜಿ ಕೈ ಒದರಿ ಎದ್ದು ಕೂತರು. ಅಲ್ಲಿದ್ದವರು ಇಂಗ್ಲಿಷಿನಲ್ಲೂ ಅರ್ಧಂಬರ್ಧ ಕನ್ನಡದಲ್ಲೂ ಎಷ್ಟು ಹೇಳಿದರೂ ಆಗಲಿಲ್ಲ. ನಾನು ಹೋಗಿ ಹಾಳೆಯನ್ನು ಅವರ ಅಂಗೈ ಮೇಲೆ ಇಟ್ಟೆ. "ಅಮ್ಮ, ಬಾಳೆಲೆ ಬಾಡಿಸ್ತೀವಲ್ಲ, ಹಾಗೇ ಮೆತ್ತಗಾಗಿದೆ ನೋಡಿ. ಇದರ ತುಂಬ ತೂತಿದೆ, ಉಸಿರಾಡಬಹುದು" ಅಂದೆ. ಅವರು ಮುಟ್ಟಿ ನೋಡಿ, ತೂತಿನಲ್ಲಿ ಬೆರಳು ಆಡಿಸಿ, "ಬಿಸಿ ಇಷ್ಟೇನಾ ಮಗಾ?" ಅಂದರು. ಮಲಗಿದರು. ಆಮೇಲೆ 33 ದಿನವೂ ಒಂದಿಷ್ಟೂ ಅಲುಗಲಿಲ್ಲ. ಅವರು ಅಲುಗದೆ ಮಲಗಿದ್ದಕ್ಕೇ ನನ್ನ ಲೆಕ್ಕ ಸರಿಯಾದ ಜಾಗಕ್ಕೆ ಬಿದ್ದದ್ದು.

ಇಂಗ್ಲಿಷಿನ ತೊಡಕಿಗೆ ನಾನು ಮಾಡಿದ್ದನ್ನೇ ಹೇಳುತ್ತೇನೆ. ರಾತ್ರಿ ಅವತ್ತಿನ ಪಾಠದ ಒಂದೇ ಒಂದು ಪುಟ ತಗೋ. ಗೊತ್ತಿಲ್ಲದ ಪದಕ್ಕೆ ಗೆರೆ ಎಳೆದು ಅರ್ಥ ನೋಡು. ಆಮೇಲೆ ಪುಸ್ತಕ ಮುಚ್ಚಿ ಅಷ್ಟನ್ನೂ ಕನ್ನಡದಲ್ಲಿ ಬರಿ. ವೆಕ್ಟರ್, ಫೀಲ್ಡ್ ಅನ್ನುವ ಪದಗಳನ್ನು ಹಾಗೇ ಬಿಡು, ಕನ್ನಡ ಮಾಡಲು ಹೋಗಬೇಡ. ಬರೆದದ್ದನ್ನು ಮನೆಯಲ್ಲಿ ಯಾರಿಗಾದರೂ ಓದಿ ಹೇಳು. ನಾನು ಓದುತ್ತಿದ್ದದ್ದು ಅಮ್ಮನಿಗೆ, ಅವರು ಅಡಿಕೆ ಸುಲಿಯುತ್ತ ಕೂತಿರುತ್ತಿದ್ದರು. ಅವರು "ಅದು ಯಾಕೆ?" ಅಂತ ನಿಲ್ಲಿಸಿದ ಜಾಗಕ್ಕೆಲ್ಲ ಸುತ್ತು ಹಾಕಿಕೊಂಡು, ಮಾರನೇ ದಿನ ಕ್ಲಾಸಿನಲ್ಲಿ ಮೊದಲು ಅದನ್ನೇ ಕೇಳುತ್ತಿದ್ದೆ. ಮೊದಲ ಸೆಮಿಸ್ಟರ್ ಕಷ್ಟವಾಯಿತು. ಎರಡನೆಯದರಲ್ಲಿ ಸುತ್ತುಗಳು ಕಡಿಮೆಯಾದವು.